ಮನೆಯಲ್ಲಿ ಕೊಲಾಯ್ಡಲ್ ಸಿಲ್ವರ್ ತಯಾರಿಸಿ ಕುಡಿಯುವವರಿಗೆ ಒಂದು ಎಚ್ಚರಿಕೆ

ಅಣ್ಣನ ಉಗುರುಗಳ ಬುಡ ನೀಲಿಗೆ ತಿರುಗುತ್ತಿರುವುದನ್ನು ಮೊದಲು ಗಮನಿಸಿದವರು ಅತ್ತಿಗೆ. ಹೃದಯದ ತೊಂದರೆಯಿರಬಹುದೆಂದು ಹೆದರಿ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿಯಾಗಿಯೇ ಇತ್ತು. ಔಷಧಿಯ ಹೊರತಾಗಿ ಬೇರೇನನ್ನಾದರೂ ಸೇವಿಸುತ್ತಿದ್ದೀರಾ ಎಂದು ಚರ್ಮರೋಗ ತಜ್ಞರು ಕೇಳಿದ ಮೇಲೆಯೇ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂದು ನಂಬಿ ಅವನು ಮನೆಯಲ್ಲಿ ತಯಾರಿಸಿ ದಿನವೂ ಕುಡಿಯುತ್ತಿದ್ದ ಕೊಲಾಯ್ಡಲ್ ಸಿಲ್ವರ್, ಅಂದರೆ ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುವ ನೀರಿನ ವಿಷಯ ಹೊರಬಂದದ್ದು. ದೇಹದಲ್ಲಿ ಬೆಳ್ಳಿ ಸೇರಿ ಹೀಗೆ ಬಣ್ಣ ಬದಲಾಗುವುದಕ್ಕೆ ಅರ್ಜಿರಿಯಾ ಎನ್ನುತ್ತಾರೆ. ಈಗ ಅವನ ಮುಖವೂ ಬೂದು ಮಿಶ್ರಿತ ನೀಲಿಯಾಗಿದೆ.

ಎರಡು ಬೆಳ್ಳಿ ತಂತಿ, ಬ್ಯಾಟರಿ, ಡಿಸ್ಟಿಲ್ಡ್ ವಾಟರ್ ಇದ್ದರೆ ಸಾಕು ಎಂದು ಹೇಳುವವರು, ಅದರಲ್ಲಿ ಎಷ್ಟು ಬೆಳ್ಳಿ ಸೇರಿತೆಂದು ತಿಳಿಯುವ ಬಗೆಯನ್ನು ಹೇಳುವುದಿಲ್ಲ. ಬೆಳ್ಳಿಯ ಅಯಾನುಗಳು (ವಿದ್ಯುದಾವೇಶವಿರುವ ಬೆಳ್ಳಿಯ ಪರಮಾಣುಗಳು) ನೀರಿಗಿಳಿದಂತೆ ಅದರ ವಿದ್ಯುತ್ ವಾಹಕತೆ ಹೆಚ್ಚಿ ಕರೆಂಟ್ ಏರುತ್ತಲೇ ಹೋಗುವುದರಿಂದ, ಸಮಯ ನೋಡಿಕೊಂಡು ಪ್ರಮಾಣವನ್ನು ನಿರ್ಧರಿಸಲಾಗದು. ನೀರಿನಲ್ಲಿ ಕರಗಿದ ವಸ್ತುಗಳ ಪ್ರಮಾಣ ತೋರಿಸುತ್ತದೆಂದು ಅಣ್ಣ ನೆಚ್ಚಿಕೊಂಡಿದ್ದ ಟಿಡಿಎಸ್ ಮೀಟರ್ ಕೂಡ ವಾಹಕತೆಯನ್ನಷ್ಟೇ ಅಳೆಯುತ್ತದೆ. ತೇಲುತ್ತಿರುವ ಬೆಳ್ಳಿಯ ಕಣಗಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಬೇಗ ಆಗಲೆಂದು ಚಿಟಿಕೆ ಉಪ್ಪು ಹಾಕಿದರಂತೂ ಸಿಲ್ವರ್ ಕ್ಲೋರೈಡ್ ಉಂಟಾಗಿ ಅಂದಾಜು ಪೂರ್ತಿ ತಪ್ಪುತ್ತದೆ.

ಈ ತಪ್ಪು ಸಣ್ಣದಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಾಯಿಯ ಮೂಲಕ ಸೇರುವ ಬೆಳ್ಳಿಗೆ ಇಟ್ಟಿರುವ ಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮೈಕ್ರೋಗ್ರಾಂ. 60 ಕಿಲೋ ತೂಗುವವರಿಗೆ 300 ಮೈಕ್ರೋಗ್ರಾಂ. ಲೀಟರಿಗೆ 10 ಮಿಲಿಗ್ರಾಂ ಬೆಳ್ಳಿಯಿರುವ ನೀರನ್ನು 30 ಮಿಲಿಲೀಟರ್ ಕುಡಿದರೆ ಅಷ್ಟೂ ಮುಗಿಯಿತು. 10 ಎಂದುಕೊಂಡ ಅದೇ ನೀರಿನಲ್ಲಿ ನಿಜವಾಗಿ ಲೀಟರಿಗೆ 50 ಮಿಲಿಗ್ರಾಂ ಇದ್ದರೆ, ಕುಡಿಯುವವರಿಗೆ ತಿಳಿಯದೆಯೇ ಮಿತಿಯ 5 ಪಟ್ಟು ಒಳಗೆ ಹೋಗಿರುತ್ತದೆ.

ಹೀಗೆ ರಕ್ತಕ್ಕೆ ಸೇರಿದ ಬೆಳ್ಳಿಯಲ್ಲಿ ಒಂದಷ್ಟು ಚರ್ಮದಲ್ಲಿ ನೆಲೆಸುತ್ತದೆ; ಹಳೆಯ ಕಪ್ಪು-ಬಿಳುಪು ಫೋಟೋ ಫಿಲ್ಮ್‌ನಲ್ಲಿ ಆಗುತ್ತಿದ್ದಂತೆ, ಬೆಳಕು ಬಿದ್ದಾಗ ಅದು ಕಪ್ಪಾಗುತ್ತದೆ. ಮುಖ, ಕುತ್ತಿಗೆ, ಕೈಗಳ ಬಣ್ಣ ಹೆಚ್ಚು ಗಾಢವಾಗುವುದು ಅದಕ್ಕಾಗಿಯೇ. ಕುಡಿಯುವುದನ್ನು ನಿಲ್ಲಿಸಿದರೂ ಆ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ. ಲೇಸರ್ ಚಿಕಿತ್ಸೆಯಿಂದ ಕೆಲವರಿಗೆ ಗುಣ ಕಂಡಿದೆಯಾದರೂ ಅದು ನೋವಿನ ಚಿಕಿತ್ಸೆ, ಎಲ್ಲರಿಗೂ ಫಲಿಸುತ್ತದೆಂಬ ಭರವಸೆಯೂ ಇಲ್ಲ.

ಸುಟ್ಟ ಗಾಯಕ್ಕೆ ವೈದ್ಯರೇ ಬೆಳ್ಳಿಯ ಮುಲಾಮು ಕೊಡುತ್ತಾರಲ್ಲ ಎಂದು ಅಣ್ಣ ವಾದಿಸುತ್ತಿದ್ದ. ಕೊಡುತ್ತಾರೆ ನಿಜ, ಆದರೆ ಅದು ಗಾಯದ ಮೇಲೆ ಹಚ್ಚಲು. ಕೊಲಾಯ್ಡಲ್ ಸಿಲ್ವರ್ ಇರುವ ಔಷಧಿಗಳು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಒಪ್ಪಲಾಗದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1999ರಲ್ಲಿಯೇ ಹೇಳಿದೆ.

ಈಗಾಗಲೇ ಕುಡಿಯುತ್ತಿರುವವರು ದಯವಿಟ್ಟು ಇವತ್ತೇ ನಿಲ್ಲಿಸಿ, ವೈದ್ಯರಿಗೆ ಮುಚ್ಚಿಡದೆ ತಿಳಿಸಿ. ಥೈರಾಯ್ಡ್‌ಗೆ ಥೈರಾಕ್ಸಿನ್ ಮಾತ್ರೆಯನ್ನೋ ಕೆಲವು ಬಗೆಯ ಆಂಟಿಬಯೋಟಿಕ್‌ಗಳನ್ನೋ ತೆಗೆದುಕೊಳ್ಳುತ್ತಿದ್ದರೆ ಇದು ಇನ್ನೂ ಮುಖ್ಯ, ಏಕೆಂದರೆ ಆ ಔಷಧಿಗಳು ದೇಹಕ್ಕೆ ಸರಿಯಾಗಿ ಸೇರದಂತೆ ಬೆಳ್ಳಿ ತಡೆಯಬಲ್ಲದು. ಒಸಡು ಮತ್ತು ಉಗುರಿನ ಬುಡವನ್ನು ಹಗಲು ಬೆಳಕಿನಲ್ಲಿ ನೋಡಿಕೊಳ್ಳಿ; ಬಣ್ಣ ಬದಲಾಗಿದ್ದರೆ ಚರ್ಮರೋಗ ತಜ್ಞರನ್ನು ಕಾಣುವವರೆಗೆ ಬಿಸಿಲಿಗೆ ಮೈಯೊಡ್ಡಬೇಡಿ.