ಮುಳುಗುವ ಜಲಮಟ್ಟ ಸೆನ್ಸರ್: ನದಿಯಲ್ಲಿ ಬಳಸಿ ನೋಡಿದ ಮೇಲೆ

ಹಳ್ಳಿಗಾಡಿನ ನದಿಯೊಂದರ ನೀರಿನ ಮಟ್ಟವನ್ನು ದಾಖಲಿಸಲು ನಾವು ಬಳಸುತ್ತಿರುವುದು ಗಾಳಿನಳಿಕೆಯ ಕೇಬಲ್ ಇರುವ, ನೀರಿನಲ್ಲಿ ಮುಳುಗಿರುವ ಒತ್ತಡ ಸೆನ್ಸರ್. ದಡದ ಅಳತೆಪಟ್ಟಿಯನ್ನು ದಿನಕ್ಕೆ ಒಂದೆರಡು ಸಲ ಓದಿದರೆ ಕೈತಪ್ಪಿಹೋಗುವ ಏರಿಳಿತಗಳನ್ನು ಇದು ಹದಿನೈದು ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ಸಣ್ಣ ಜಲಾನಯನದ ನದಿಯಲ್ಲಿ ಪ್ರವಾಹವು ಒಂದೇ ರಾತ್ರಿಯಲ್ಲಿ ಏರಿ ಇಳಿದುಬಿಡಬಹುದಾದ್ದರಿಂದ, ಈ ಒಂದು ಗುಣಕ್ಕಾಗಿಯೇ ಇದನ್ನು ಕೊಳ್ಳಬಹುದು.

ಕೊಳ್ಳುವಾಗ ಅಳತೆಯ ವ್ಯಾಪ್ತಿಯನ್ನು ನೋಡಿಕೊಳ್ಳಬೇಕು. ನಿಖರತೆಯನ್ನು ಸಾಮಾನ್ಯವಾಗಿ ಪೂರ್ಣ ವ್ಯಾಪ್ತಿಯ ಶೇಕಡಾವಾರಿನಲ್ಲಿ ಹೇಳಿರುತ್ತಾರೆ. ಶೇ 0.1 ಎಂದರೆ 5 ಮೀಟರ್ ಸೆನ್ಸರ್‌ನಲ್ಲಿ 5 ಮಿಲಿಮೀಟರ್, 20 ಮೀಟರ್ ಸೆನ್ಸರ್‌ನಲ್ಲಿ 2 ಸೆಂಟಿಮೀಟರ್. ಬೇಸಿಗೆಯ ತೆಳುವಾದ ಹರಿವಿಗೆ ಎರಡನೆಯದು ದೊಡ್ಡ ವ್ಯತ್ಯಾಸವೇ.

ಇದರ ದುರ್ಬಲ ಭಾಗ ಆ ಗಾಳಿನಳಿಕೆ. ಸೆನ್ಸರ್ ಮೇಲೆ ಬೀಳುವ ಒಟ್ಟು ಒತ್ತಡದಿಂದ ವಾಯುಭಾರವನ್ನು ಕಳೆಯುವುದು ಇದರ ಕೆಲಸ; ಅದರ ಮೇಲ್ತುದಿಯಲ್ಲಿರುವ, ತೇವ ಹೀರಿಕೊಳ್ಳುವ ಸಿಲಿಕಾ ಜೆಲ್ ಬಣ್ಣ ಬದಲಿಸಿದ ಮೇಲೂ ಹಾಗೆಯೇ ಬಿಟ್ಟರೆ ತೇವ ಒಳಗಿಳಿದು ನಳಿಕೆ ಕಟ್ಟಿಕೊಳ್ಳುತ್ತದೆ. 1 ಹೆಕ್ಟೋಪಾಸ್ಕಲ್ ವಾಯುಭಾರ ಸುಮಾರು 1 ಸೆಂಟಿಮೀಟರ್ ನೀರಿಗೆ ಸಮ. ಹಾಗಾಗಿ ದೊಡ್ಡ ಮಳೆಗೆ ಮುನ್ನ ವಾಯುಭಾರ ಕುಸಿಯುವಾಗ, ನಳಿಕೆ ಕಟ್ಟಿದ ಸೆನ್ಸರ್ ಹಳೆಯ ವಾಯುಭಾರವನ್ನೇ ಕಳೆಯುತ್ತ, ನದಿ ಇಳಿಯುತ್ತಿದೆ ಎಂದು ತೋರಿಸುತ್ತದೆ. ಮುನ್ನೆಚ್ಚರಿಕೆಗಾಗಿ ಅಂಕಿಯನ್ನು ಕಾಯುತ್ತಿರುವವರಿಗೆ ಇದಕ್ಕಿಂತ ಅಪಾಯಕಾರಿ ತಪ್ಪು ಬೇರೊಂದಿಲ್ಲ. ಇಂಥ ವಿಷಯಕ್ಕೆ ಕೈಪಿಡಿಯಲ್ಲಿ ಒಂದೇ ಸಾಲು ಮೀಸಲಿಟ್ಟಿರುವುದು ಸರಿಯಲ್ಲ.

ಸಾಫ್ಟ್‌ವೇರ್‌ನಲ್ಲಿ ಹರಿವಿನ, ಅಂದರೆ ಸೆಕೆಂಡಿಗೆ ಎಷ್ಟು ನೀರು ಸಾಗುತ್ತದೆ ಎಂಬುದರ ಕಾಲಂ ಇದೆಯಾದರೂ ಸೆನ್ಸರ್ ಹರಿವನ್ನು ಅಳೆಯುವುದಿಲ್ಲ. ನದಿಯ ಅಡ್ಡಕೊಯ್ತವನ್ನು ಹಲವು ಪಟ್ಟಿಗಳಾಗಿ ವಿಂಗಡಿಸಿ, ಆಳ ಕಡಿಮೆ ಇರುವಲ್ಲಿ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ, ಹೆಚ್ಚಿರುವಲ್ಲಿ 0.2 ಮತ್ತು 0.8 ಭಾಗಗಳಲ್ಲಿ ವೇಗವನ್ನು ಅಳೆದು, ಬೇರೆ ಬೇರೆ ಮಟ್ಟಗಳಲ್ಲಿ ಇದನ್ನೇ ಪುನರಾವರ್ತಿಸಿದಾಗ ಮಾತ್ರ ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧದ ರೇಖೆ ಸಿಗುತ್ತದೆ. ಪ್ರವಾಹವು ತಳವನ್ನು ಕೊರೆದರೆ ಅಥವಾ ಹೂಳು ತುಂಬಿದರೆ ಹಳೆಯ ರೇಖೆ ಕೆಲಸಕ್ಕೆ ಬಾರದು. ಈ ಶ್ರಮಕ್ಕೆ ಜನರಿಲ್ಲದಿದ್ದರೆ ಆ ಕಾಲಮ್ಮಿನ ಅಂಕಿಗಳನ್ನು ಯಾರಿಗೂ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ಯಾಟರಿ, ಡೇಟಾ ಇಳಿಸಿಕೊಳ್ಳುವ ವ್ಯವಸ್ಥೆಗಳ ಬಗ್ಗೆ ದೂರಿಲ್ಲ. ಹೂಳು ಹೆಚ್ಚಾಗಿ ಬರುವ ನದಿಗೆ ಸೇತುವೆಯೊಂದಿದ್ದರೆ, ನೀರನ್ನು ಮುಟ್ಟದೆ ಮೇಲಿನಿಂದ ಅಳೆಯುವ ರಾಡಾರ್ ಸೆನ್ಸರನ್ನೇ ಆರಿಸಿಕೊಳ್ಳುವುದು ಮೇಲು. ಸೇತುವೆ ಇಲ್ಲದ ಕಡೆ ಇದನ್ನು ರಂಧ್ರಗಳಿರುವ ಗಟ್ಟಿ ಪೈಪಿನೊಳಗೆ ಇಳಿಸಿ, ಪಕ್ಕದಲ್ಲೇ ಅಳತೆಪಟ್ಟಿಯನ್ನು ನೆಟ್ಟು, ಪ್ರತಿ ಭೇಟಿಯಲ್ಲೂ ಎರಡರ ಅಂಕಿಗಳನ್ನು ತಾಳೆ ನೋಡಿ ಬರೆದಿಡಬೇಕು.