ಜನೌಷಧಿ ಕೇಂದ್ರ: ಮಾತ್ರೆ ಅಗ್ಗ, ಆದರೆ ಅಷ್ಟಕ್ಕೇ ಮುಗಿಯಲಿಲ್ಲ

ಮನೆಯಲ್ಲಿ ಬಿಪಿ, ಶುಗರ್, ಥೈರಾಯ್ಡ್ ಅಂತ ದಿನಾ ಮಾತ್ರೆ ನುಂಗುವವರು ಯಾರಾದರೂ ಇದ್ದರೆ ಜನೌಷಧಿ ಕೇಂದ್ರಕ್ಕೆ ಹೋಗಿ. ಇದನ್ನು ಧೈರ್ಯವಾಗಿ ಹೇಳುತ್ತೇನೆ. ಅಮ್ಮನ ಬಿಪಿ ಮಾತ್ರೆ, ಶುಗರ್ ಮಾತ್ರೆ ಎರಡನ್ನೂ ನಾವು ಬಹಳ ಕಾಲದಿಂದ ನಮ್ಮ ಬಡಾವಣೆಯ ಕೇಂದ್ರದಿಂದಲೇ ತರುತ್ತಿದ್ದೇವೆ. ಡಾಕ್ಟರನ್ನು ಕೇಳಿಯೇ ಬದಲಾಯಿಸಿದ್ದು. ಬಿಪಿ ಹತೋಟಿಯಲ್ಲಿದೆ, ಮೂರು ತಿಂಗಳ ಶುಗರ್ ಟೆಸ್ಟೂ ಸರಿಯಾಗಿ ಬರುತ್ತಿದೆ, ತಿಂಗಳ ಬಿಲ್ಲು ಮೊದಲಿನ ಅರ್ಧಕ್ಕಿಂತ ಕಡಿಮೆ.

ಇದು 2008ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ. ಈಗ ದೇಶದಲ್ಲಿ 15,000ಕ್ಕಿಂತ ಜಾಸ್ತಿ ಅಂಗಡಿಗಳಿವೆ. ಬ್ರಾಂಡ್ ಹೆಸರಿನ ಬದಲು ಮೂಲ ಔಷಧದ ಹೆಸರಿನಲ್ಲೇ ಮಾತ್ರೆ ಮಾರುತ್ತಾರೆ, ಇದಕ್ಕೇ ಜೆನೆರಿಕ್ ಅನ್ನುವುದು. ಬೆಲೆ ಸಾಮಾನ್ಯವಾಗಿ ಬ್ರಾಂಡಿಗಿಂತ ಶೇ. 50ರಿಂದ 80ರಷ್ಟು ಕಡಿಮೆ. ಇಷ್ಟು ಅಗ್ಗ ಅಂದರೆ ಏನೋ ಕಳಪೆ ಇರಬೇಕು ಅಂತ ನಮ್ಮ ಓಣಿಯಲ್ಲಿ ಎಷ್ಟೋ ಜನ ಹೇಳುತ್ತಾರೆ. ಹಾಗಲ್ಲ. ಪೇಟೆಂಟ್ ಅವಧಿ ಮುಗಿದ ಔಷಧವನ್ನು ಯಾವ ಕಂಪನಿ ಬೇಕಾದರೂ ಲೈಸೆನ್ಸ್ ಪಡೆದು ಮಾಡಬಹುದು. ಇಲ್ಲಿ ಜಾಹೀರಾತಿನ ಖರ್ಚಿಲ್ಲ, ಡಾಕ್ಟರುಗಳ ಬಾಗಿಲು ಕಾಯುವ ಮೆಡಿಕಲ್ ರೆಪ್‌ಗಳಿಲ್ಲ, ಸರ್ಕಾರಿ ಸಂಸ್ಥೆಯೇ ದೊಡ್ಡ ಪ್ರಮಾಣದಲ್ಲಿ ಟೆಂಡರ್ ಕರೆದು ಕೊಳ್ಳುತ್ತದೆ. ಅದಕ್ಕೇ ಅಗ್ಗ. ಹೆಣ್ಣುಮಕ್ಕಳ ಪ್ಯಾಡ್ 2019ರಿಂದ ಒಂದಕ್ಕೆ ಒಂದೇ ರೂಪಾಯಿ. ಇದೊಂದಕ್ಕೇ ಈ ಅಂಗಡಿಗೆ ಕೈಮುಗಿಯಬೇಕು ಅನಿಸುತ್ತದೆ.

ಈ ಅಗ್ಗದ ಮಾತ್ರೆ ಯಾಕೆ ಇಷ್ಟು ಮುಖ್ಯ ಅಂದರೆ, 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಇವರಲ್ಲಿ ಹೆಚ್ಚಿನವರಿಗೆ ಮಾತ್ರೆ ಜೀವನಪೂರ್ತಿ ಬೇಕು. ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ. 64 ಇತ್ತು, 2021-22ರ ಹೊತ್ತಿಗೆ ಶೇ. 39ಕ್ಕೆ ಇಳಿಯಿತು. ಇಳಿದಿರುವುದು ಒಳ್ಳೆಯದೇ, ಆದರೆ ಶೇ. 39 ಕೂಡ ಬಡವನಿಗೆ ಸಣ್ಣ ಹೊರೆಯಲ್ಲ. ಬೆಲೆ ನಿಯಂತ್ರಣದಲ್ಲಿರುವ ಅಗತ್ಯ ಔಷಧಗಳಿಗೇ 2022ರಲ್ಲಿ ಶೇ. 10ಕ್ಕೂ ಜಾಸ್ತಿ, 2023ರಲ್ಲಿ ಶೇ. 12ರಷ್ಟು ಬೆಲೆ ಏರಿಸಲು ಅನುಮತಿ ಸಿಕ್ಕಿತು. ಸಂಬಳ, ಪಿಂಚಣಿ ಆ ವೇಗದಲ್ಲಿ ಏರಲಿಲ್ಲ ಅಲ್ವಾ? ಮಾತ್ರೆ ದುಬಾರಿಯಾದಾಗ ಜನ ಮೊದಲು ಮಾಡುವುದು ದಿನ ಬಿಟ್ಟು ದಿನ ನುಂಗುವುದು. ಆಮೇಲೆ ಕಿಡ್ನಿ, ಕಣ್ಣು, ಪಾರ್ಶ್ವವಾಯು ಅಂತ ಆಸ್ಪತ್ರೆ ಸೇರಿ ಹೊಲ ಮಾರುವ ಪರಿಸ್ಥಿತಿ ಬರುತ್ತದೆ.

ಈ ಅಂಗಡಿಯ ಕೊರತೆಗಳನ್ನೂ ಹೇಳಬೇಕು. ಬೇಕಾದ ಔಷಧ ಬೇಕಾದ ದಿನ ಸಿಗುವುದಿಲ್ಲ ಅನ್ನುವುದು ಈ ಯೋಜನೆಯ ಬಗ್ಗೆ ಮೊದಲಿನಿಂದಲೂ ಇರುವ ದೂರು. ಪಟ್ಟಿಯಲ್ಲಿ 2,000ದಷ್ಟು ಔಷಧಗಳಿವೆ. ಆದರೆ ಒಂದು ಸಣ್ಣ ಅಂಗಡಿಯಲ್ಲಿ ಅಷ್ಟೂ ಇರಲು ಸಾಧ್ಯವಿಲ್ಲ. ಮಾಲು ಕೆಲವೇ ದೊಡ್ಡ ಗೋದಾಮುಗಳಿಂದ ಬರುತ್ತದೆ, ಅವುಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಅಮ್ಮನಂಥವರು ಮಾತ್ರೆ ಪೂರ್ತಿ ಖಾಲಿಯಾಗುವ ತನಕ ಕಾಯಬಾರದು, ಹತ್ತು ದಿನದ್ದು ಉಳಿದಿರುವಾಗಲೇ ಹೋಗಿ ಕೇಳಬೇಕು.

ಗೋದಾಮಿನಲ್ಲಿ ಮಾಲಿಲ್ಲದಿದ್ದರೆ ನಾಳೆ ಬರಬಹುದು. ಮಾತ್ರೆಯ ಕಚ್ಚಾವಸ್ತುವೇ ಬರದಿದ್ದರೆ? ನನ್ನ ನಿಜವಾದ ಚಿಂತೆ ಇದು. ನಾವು ಹೊರದೇಶದಿಂದ ತರಿಸುವ ಔಷಧದ ಮೂಲವಸ್ತುವಿನಲ್ಲಿ ಸುಮಾರು ಶೇ. 70 ಚೀನಾದ್ದೇ. ಪುಣೆ ಹತ್ತಿರದ ಪಿಂಪ್ರಿಯ ಸರ್ಕಾರಿ ಕಂಪನಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ 1950ರ ದಶಕದಲ್ಲೇ ಪೆನಿಸಿಲಿನ್ ತಯಾರಿಸುತ್ತಿತ್ತು. ಆಮೇಲೆ ಚೀನಾದ ಅಗ್ಗದ ಮಾಲಿನ ಮುಂದೆ ನಿಲ್ಲಲಾಗದೆ ನಮ್ಮಲ್ಲಿ ಪೆನಿಸಿಲಿನ್ ಜಿ ಅನ್ನುವ, ಹಲವು ಆ್ಯಂಟಿಬಯಾಟಿಕ್ ಮಾಡಲು ಬೇಕಾದ ಮೂಲವಸ್ತು ಮಾಡುತ್ತಿದ್ದ ಕಾರ್ಖಾನೆಗಳು ಬಾಗಿಲು ಹಾಕಿದವು. ಇದರ ಬಿಸಿ ತಟ್ಟಿದ್ದು ಕೊರೊನಾ ಬಂದಾಗ. ಚೀನಾದಲ್ಲಿ ಕಾರ್ಖಾನೆಗಳು ನಿಂತವು. 2020ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಪ್ಯಾರಾಸಿಟಮಾಲ್ ಸೇರಿ 26 ಬಗೆಯ ಮೂಲವಸ್ತು ಮತ್ತು ಔಷಧಗಳ ರಫ್ತಿಗೆ ಕಡಿವಾಣ ಹಾಕಬೇಕಾಯಿತು. ಜಗತ್ತಿಗೇ ಮಾತ್ರೆ ಕೊಡುವ ದೇಶ ಜ್ವರದ ಮಾತ್ರೆಯನ್ನು ಬಚ್ಚಿಟ್ಟುಕೊಳ್ಳುವ ಸ್ಥಿತಿಗೆ ಬಂತು. ಆಮೇಲೆ ಎಚ್ಚೆತ್ತು ಮೂಲವಸ್ತುವನ್ನು ಇಲ್ಲೇ ಮಾಡುವ ಕಂಪನಿಗಳಿಗೆ ಪ್ರೋತ್ಸಾಹಧನದ ಯೋಜನೆ ತಂದರು, 2024ರಲ್ಲಿ ಆಂಧ್ರದ ಕಾಕಿನಾಡದಲ್ಲಿ ಪೆನಿಸಿಲಿನ್ ಜಿ ಮತ್ತೆ ತಯಾರಾಗತೊಡಗಿತು. ಒಳ್ಳೆಯ ಕೆಲಸ. ಆದರೆ ಗಡಿಯಲ್ಲಿ ಗಲಾಟೆಯಾದರೆ, ಹಡಗು ನಿಂತರೆ, ಯಾವುದೋ ದೊಡ್ಡ ದೇಶ ಸುಂಕ ಹಾಕಿದರೆ ಅದರ ಪೆಟ್ಟು ಕೊನೆಗೆ ಬೀಳುವುದು ನಮ್ಮ ಬಡಾವಣೆಯ ಈ ಕೌಂಟರಿನ ಮೇಲೆಯೇ.

ರಾಜಕೀಯ ಹೊರಗಿನದು ಮಾತ್ರ ಅಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ಆಸ್ಪತ್ರೆಯಲ್ಲೇ ಔಷಧ ಉಚಿತವಾಗಿ ಕೊಡುತ್ತೇವೆ, ಮತ್ತೆ ಅಂಗಡಿ ಯಾಕೆ ಅನ್ನುವುದು ಅವರ ವಾದ. ಅಂಗಡಿಯವರು ಕೋರ್ಟಿಗೆ ಹೋದರು, ಹೈಕೋರ್ಟಿನ ಧಾರವಾಡ ಪೀಠ ಆದೇಶಕ್ಕೆ ತಡೆ ಕೊಟ್ಟಿತು. ಉಚಿತವಾಗಿ ಸಿಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ಸ್ಟಾಕ್ ಇಲ್ಲ ಅಂದ ದಿನ ರೋಗಿ ಎಲ್ಲಿಗೆ ಹೋಗಬೇಕು? ಕೇಂದ್ರದ ಯೋಜನೆಯೋ ರಾಜ್ಯದ ಯೋಜನೆಯೋ ಅಂತ ನೋಡಿ ಯಾರೂ ಮಾತ್ರೆ ನುಂಗುವುದಿಲ್ಲ. ಎರಡೂ ಇರಲಿ.

ಗುಣಮಟ್ಟದ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಜನೌಷಧಿಗೆ ಬರುವ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು ಅನ್ನುವ ನಿಯಮ ಇದೆ. ಅದು ನನಗೆ ಧೈರ್ಯ ಕೊಡುತ್ತದೆ. ಆದರೆ ದೇಶದ ಒಟ್ಟು ಔಷಧ ತಪಾಸಣೆ ಎಷ್ಟು ಸಡಿಲ ಅನ್ನುವುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿ ತೋರಿಸಿತು. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ಅನುಮಾನ ಬಂದದ್ದು ಅವರಿಗೆ ಡ್ರಿಪ್ ಹಾಕಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಮರುವರ್ಷ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಸತ್ತರು, ಅದರಲ್ಲಿ ಡೈಎಥಿಲಿನ್ ಗ್ಲೈಕಾಲ್ ಅನ್ನುವ ವಿಷ ಸಿಕ್ಕಿತು. ಇವೆರಡೂ ನೆನಪಾದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಜೆನೆರಿಕ್ಕೋ ಬ್ರಾಂಡೋ ಅನ್ನುವುದಕ್ಕಿಂತ ಆ ಬ್ಯಾಚನ್ನು ಯಾರಾದರೂ ಸರಿಯಾಗಿ ಪರೀಕ್ಷಿಸಿದರಾ ಅನ್ನುವುದೇ ಜೀವ ಉಳಿಸುವ ಪ್ರಶ್ನೆ.

ಇನ್ನು ಆ್ಯಂಟಿಬಯಾಟಿಕ್. ಒಮ್ಮೆ ಗಂಟಲು ನೋವು ಅಂತ ಒಂದು ಖಾಸಗಿ ಮೆಡಿಕಲ್ ಶಾಪಿಗೆ ಹೋದಾಗ ಡಾಕ್ಟರ ಚೀಟಿ ಕೇಳದೆ, ಎರಡು ಮಾತೂ ಆಡದೆ ಅಜಿತ್ರೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಕೈಗಿಟ್ಟರು. ನಮ್ಮ ಕೇಂದ್ರದ ಹುಡುಗಿ ಮಾತ್ರ ಚೀಟಿ ಇಲ್ಲದೆ ಆ ಮಾತ್ರೆ ಮುಟ್ಟುವುದೇ ಇಲ್ಲ. ಜನ ಅವಳ ಮೇಲೆ ರೇಗಾಡುತ್ತಾರೆ, ನನಗೆ ಅವಳ ಮೇಲೆ ಗೌರವ. ಅಗ್ಗವಾಗಿ ಸಿಗುತ್ತದೆ ಅಂತ ಸಿಕ್ಕಾಪಟ್ಟೆ ನುಂಗಿದರೆ ರೋಗಾಣುಗಳು ಮದ್ದಿಗೆ ಬಗ್ಗುವುದಿಲ್ಲ. 2019ರ ಒಂದೇ ವರ್ಷದಲ್ಲಿ ಹೀಗೆ ಔಷಧಕ್ಕೆ ಜಗ್ಗದ ಸೋಂಕಿನಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜು. ಅದಕ್ಕೆ ಹೊಸ ಆ್ಯಂಟಿಬಯಾಟಿಕ್ ಕಂಡುಹಿಡಿಯೋಣ ಅಂದರೆ ದೊಡ್ಡ ಕಂಪನಿಗಳಿಗೆ ಅದರಲ್ಲಿ ಲಾಭವಿಲ್ಲ. ಐದು ದಿನದ ಕೋರ್ಸಿಗಿಂತ ಜೀವನಪೂರ್ತಿ ನುಂಗುವ ಮಾತ್ರೆಯಲ್ಲೇ ದುಡ್ಡು ಜಾಸ್ತಿ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೊಳ್ಳಬಾರದ ಔಷಧ, ಇದನ್ನು ಮನೆಯವರಿಗೆಲ್ಲ ಹೇಳಿಕೊಡಿ.

ಹೋಗುವವರಿಗೆ ಒಂದೆರಡು ಮಾತು. ಚೀಟಿಯಲ್ಲಿ ಬ್ರಾಂಡ್ ಹೆಸರಷ್ಟೇ ಇದ್ದರೆ ಮೂಲ ಔಷಧದ ಹೆಸರು, ಎಷ್ಟು ಎಂಜಿ ಅನ್ನುವುದನ್ನು ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಜೆನೆರಿಕ್ ಹೆಸರನ್ನೇ ಬರೆಯಬೇಕು ಅಂತ 2023ರ ಆಗಸ್ಟ್‌ನಲ್ಲಿ ವೈದ್ಯಕೀಯ ಆಯೋಗ ನಿಯಮ ತಂದು ಅದೇ ತಿಂಗಳು ತಡೆಹಿಡಿಯಿತು, ಹಾಗಾಗಿ ನಾವೇ ಕೇಳಬೇಕು. ಥೈರಾಯ್ಡ್, ಮೂರ್ಛೆರೋಗದ ಮಾತ್ರೆಗಳನ್ನು ಡಾಕ್ಟರಿಗೆ ಹೇಳದೆ ಬದಲಾಯಿಸಬೇಡಿ. ಹತ್ತಿರದ ಕೇಂದ್ರ ಎಲ್ಲಿದೆ, ಬೆಲೆ ಎಷ್ಟು ಅಂತ ಜನೌಷಧಿ ಸುಗಮ್ ಆ್ಯಪ್‌ನಲ್ಲಿ ನೋಡಬಹುದು. ಬಿಲ್ ಕೇಳಿ ಪಡೆಯಿರಿ, ಅದರಲ್ಲಿರುವ ಬ್ಯಾಚ್ ನಂಬರ್ ಸ್ಟ್ರಿಪ್ ಮೇಲಿರುವುದಕ್ಕೆ ಹೊಂದುತ್ತದಾ ಅಂತ ಅಂಗಡಿಯಲ್ಲೇ ನಿಂತು ನೋಡಿಕೊಳ್ಳಿ.