ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬಾಣ ಬಿಡಿಸಲು ಆನೊಟೇಟ್ ಸಾಕು

ಮುಂಬಯಿಯ ಮಾಟುಂಗಾದಲ್ಲಿ ನಮ್ಮ ದೊಡ್ಡಪ್ಪನದು ದೋಸೆ ಹಿಟ್ಟಿನ ವ್ಯಾಪಾರ. ಬೆಳಗಿನ ಟೆಂಪೋ ಸಾಯನ್, ಚೆಂಬೂರು ದಾಟಿ ವಾಶಿಗೆ ಹೋಗಿ, ಖಾಲಿ ಡಬ್ಬಿ ಎತ್ತಿಕೊಂಡು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಹೊಸ ಡ್ರೈವರ್‌ಗೆ ಇದೆಲ್ಲ ಒಂದೇ ಹಾಳೆಯಲ್ಲಿ ಕಾಣಬೇಕು: ಜಾಗಕ್ಕೊಂದು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಬಾಣ. ಅದಕ್ಕೆ ನಾನು ಬಳಸುವುದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಕ್ಷೆ ಬಿಡಿಸುವ ಸಾಧನ ಮ್ಯಾಟ್‌ಪ್ಲಾಟ್‌ಲಿಬ್. ಜಾನ್ ಹಂಟರ್ ಕಟ್ಟಿದ್ದು, 2003ರಿಂದ ಇದೆ, ದುಡ್ಡು ಕೊಡಬೇಕಿಲ್ಲ.

ಹೆಸರು ನೋಡಿ ಎಲ್ಲರೂ ಮೊದಲು ‘ಆ್ಯರೋ’ ಎಂಬ ಆಜ್ಞೆಗೆ ಕೈ ಹಾಕುತ್ತಾರೆ. ಬೇಡ. ಅದಕ್ಕೆ ತಲುಪುವ ಜಾಗ ಹೇಳಿದರೆ ಸಾಲದು, ಹೊರಟಲ್ಲಿಂದ ಎಷ್ಟು ಆಚೆ, ಎಷ್ಟು ಮೇಲೆ ಎಂದು ಕಳೆದು ಕೊಡಬೇಕು. ಅದು ಹೋಗಲಿ ಎಂದರೆ, ಬಾಣದ ತಲೆಯ ಅಳತೆಯೂ ಅಕ್ಷದ ಲೆಕ್ಕದಲ್ಲೇ. ನನ್ನ ನಕ್ಷೆಯ ಅಡ್ಡ ಅಕ್ಷ ರೇಖಾಂಶ, ಉದ್ದ ಅಕ್ಷ ಅಕ್ಷಾಂಶ; ಮಾಟುಂಗಾದಿಂದ ವಾಶಿಗೆ ರೇಖಾಂಶ ಸುಮಾರು 72.85ರಿಂದ 73.0, ಅಕ್ಷಾಂಶದ ವ್ಯತ್ಯಾಸ ಅದರ ಅರ್ಧವೂ ಇಲ್ಲ. ಎರಡು ಅಕ್ಷ ಬೇರೆ ಬೇರೆ ಹಿಗ್ಗಿದಾಗ ಓರೆ ಬಾಣದ ತಲೆ ಸೊಟ್ಟಗಾಗುತ್ತದೆ. ಹಾಗಾಗಬಾರದಿದ್ದರೆ ಆನೊಟೇಟ್ ಬಳಸಿ ಎಂದು ಅವರ ಕೈಪಿಡಿಯೇ ಹೇಳುತ್ತದೆ.

ಆನೊಟೇಟ್ ಇರುವುದು ಚಿತ್ರದ ಮೇಲೆ ಟಿಪ್ಪಣಿ ಬರೆಯಲು. ಬರಹದ ಜಾಗದಲ್ಲಿ ಖಾಲಿ ಉದ್ಧರಣ ಚಿಹ್ನೆ ಕೊಟ್ಟರೆ ಬರೀ ಬಾಣ ಉಳಿಯುತ್ತದೆ. ‘ಎಕ್ಸ್‌ವೈಟೆಕ್ಸ್ಟ್’ ಹೊರಡುವ ಚುಕ್ಕೆ, ‘ಎಕ್ಸ್‌ವೈ’ ಮುಟ್ಟುವ ಚುಕ್ಕೆ, ‘ಆ್ಯರೋಪ್ರಾಪ್ಸ್’ನಲ್ಲಿ ಬಾಣದ ಶೈಲಿ. ತಲೆಯ ಗಾತ್ರ ಪಾಯಿಂಟ್‌ನಲ್ಲಿ (ಇಂಚಿನ 72ನೇ ಒಂದು ಭಾಗ) ಇರುವುದರಿಂದ ಅಕ್ಷ ಹೇಗೆ ಹಿಗ್ಗಿದರೂ ಅದು ನೆಟ್ಟಗೇ ಇರುತ್ತದೆ.

ನನಗೆ ತುಂಬ ಹಿಡಿಸಿದ್ದು ‘ಶ್ರಿಂಕ್‌ಎ’, ‘ಶ್ರಿಂಕ್‌ಬಿ’. ಬಾಣ ಎರಡೂ ತುದಿಯಲ್ಲಿ ಎಷ್ಟು ಹಿಂದೆ ನಿಲ್ಲಬೇಕು ಎನ್ನುವುದು ಇವುಗಳ ಕೆಲಸ. ತಾನಾಗಿ ಬಿಡುವುದು 2 ಪಾಯಿಂಟ್. ಚುಕ್ಕೆ ಇಡುವ ಆಜ್ಞೆಯಾದ ಸ್ಕ್ಯಾಟರ್‌ನ ಮಾಮೂಲಿ ಚುಕ್ಕೆಯ ತ್ರಿಜ್ಯವೇ 3 ಪಾಯಿಂಟ್, ಹಾಗಾಗಿ ಮೊನೆ ಚುಕ್ಕೆಯೊಳಗೆ ನುಗ್ಗಿರುತ್ತದೆ. 5 ಕೊಡಿ, ಚುಕ್ಕೆಗೂ ಬಾಣಕ್ಕೂ ನಡುವೆ ಬಿಳಿ ಜಾಗ ಉಳಿದು ಕಣ್ಣಿಗೆ ಹಿತವಾಗುತ್ತದೆ.

ಹೋಗುವ, ಬರುವ ಬಾಣ ಒಂದರ ಮೇಲೊಂದು ಕೂರದಂತೆ ‘ಕನೆಕ್ಷನ್‌ಸ್ಟೈಲ್’ಗೆ ಬಾಣ ಬಾಗಿಸುವ ‘ಆರ್ಕ್3’, ಬಾಗಿನ ಪ್ರಮಾಣ ‘ರ್‍ಯಾಡ್’ 0.2 ಹಾಕಿ. ಎರಡಕ್ಕೂ ಅದೇ ಸಂಖ್ಯೆ ಸಾಕು; ದಿಕ್ಕು ತಿರುಗುಮುರುಗು ಆಗಿರುವುದರಿಂದ ಒಂದೊಂದು ಒಂದೊಂದು ಕಡೆಗೆ ಬಾಗುತ್ತವೆ. “ಹೋಪುದು ಬಪ್ಪುದು ಬೇರೆ ಕಾಣ್ತ್ ಮಾರಾಯ, ಹೀಂಗೇ ಇರ್ಲಿ” ಎಂದರು ದೊಡ್ಡಪ್ಪ.

ಒಂದು ಕೊರತೆ ಇದೆ. ಆನೊಟೇಟ್ ಅಕ್ಷವನ್ನು ಹಿಗ್ಗಿಸುವುದಿಲ್ಲ. ಚುಕ್ಕೆಗಳನ್ನು ಸ್ಕ್ಯಾಟರ್‌ನಲ್ಲಿ ಹಾಕಿರಬೇಕು, ಇಲ್ಲದಿದ್ದರೆ ಬಾಣ ಚೌಕಟ್ಟಿನ ಆಚೆ ಉಳಿಯುತ್ತದೆ. ಬಾಣಗಳು ಸಾವಿರಗಟ್ಟಲೆ ಇದ್ದರೆ ಎಲ್ಲವನ್ನೂ ಒಟ್ಟಿಗೆ ಬಿಡಿಸುವ ‘ಕ್ವಿವರ್’ ಆಜ್ಞೆ ಹಿಡಿಯಿರಿ: ‘ಆ್ಯಂಗಲ್ಸ್’ ಮತ್ತು ‘ಸ್ಕೇಲ್ ಯೂನಿಟ್ಸ್’ ಎರಡಕ್ಕೂ ‘ಎಕ್ಸ್‌ವೈ’, ‘ಸ್ಕೇಲ್’ 1. ಈ ಮೂರೂ ಕೊಟ್ಟರೆ ಮಾತ್ರ ಅದರ ಬಾಣ ಚುಕ್ಕೆಯಿಂದ ಚುಕ್ಕೆಗೆ ಸರಿಯಾಗಿ ಮುಟ್ಟುತ್ತದೆ.